ಗೌರಮ್ಮನ ಎಡೆ

ನನ್ನ ಅಡುಗೆಮನೆಯ ಕೆಳಗೆ ಒಬ್ಬ ಹೆಂಗಸನ್ನು ಹೂಳಿದ್ದಾರೆ ಎಂಬ ಸಂಗತಿ ನನಗೆ ಗೊತ್ತಾಗುವ ಹೊತ್ತಿಗೆ ಗೃಹಪ್ರವೇಶದ ತೋರಣ ಒಣಗಿ ಉದುರಿಹೋಗಿತ್ತು. ಮೊದಲೇ ಗೊತ್ತಾಗಿದ್ದರೆ ಆ ಸೈಟು ಬೇಡ ಎನ್ನುತ್ತಿದ್ದೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಖಂಡಿತ ಎನ್ನುತ್ತಿರಲಿಲ್ಲ. ಸಿದ್ದಾಪುರದ ವಠಾರದಲ್ಲಿ ಅರ್ಧ ಆಯುಷ್ಯ ನಲ್ಲಿ ನೀರಿಗೆ ಸರದಿ ನಿಂತವಳಿಗೆ ಸ್ವಂತ ಅಡುಗೆಮನೆ ಸಿಕ್ಕಿತ್ತು. ಅದರ ಕೆಳಗೆ ಏನಿದೆ ಎಂದು ವಿಚಾರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅದು ಎಪ್ಪತ್ತೊಂಬತ್ತನೇ ಇಸವಿ. ನಾನು ಮೇಷ್ಟರಿಕೆಯಿಂದ ನಿವೃತ್ತಳಾಗಿ, ಬಂದ ಹಣವನ್ನೆಲ್ಲ ಸುರಿದು, ನಗರದ ಅಂಚಿನಲ್ಲಿ, ಇಟ್ಟಮಡು ಎಂಬ ಹಳ್ಳಿಗೆ ತಾಗಿದ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ್ದೆ. ಸುತ್ತ ಇನ್ನೂ ಖಾಲಿ ಸೈಟುಗಳು. ಮನೆ ಏಳದ ಕಡೆಗಳಲ್ಲಿ ಊರಿನವರು ಸುಮ್ಮನೆ ಯಾಕೆ ಬಿಡಬೇಕೆಂದು ರಾಗಿ ಚೆಲ್ಲುತ್ತಿದ್ದರು. ರಸ್ತೆ ತಿರುಗುವಲ್ಲಿ ಒಂದು ಹೊಂಗೆ ಮರ. ನಾನು ಒಂದು ವಾರಪತ್ರಿಕೆಗೆ ಹಳ್ಳಿಯ ಬದುಕಿನ ಬಗ್ಗೆ ಅಂಕಣ ಬರೆಯುತ್ತಿದ್ದೆ. ಓದುಗರು ನನ್ನನ್ನು ಯಾವುದೋ ದೂರದ ಊರಿನ ತೋಟದಲ್ಲಿ ಕುಳಿತ ಮುದುಕಿ ಎಂದುಕೊಂಡಿದ್ದರು. ಬಸ್ಸಿಳಿದು ನಾಲ್ಕು ಹೆಜ್ಜೆ ನಡೆದರೆ ನನ್ನ ಹಳ್ಳಿ ಎಂದು ನಾನೂ ಯಾರಿಗೂ ಹೇಳಲು ಹೋಗಲಿಲ್ಲ.

ಆ ವರ್ಷದ ಮಹಾಲಯ ಅಮಾವಾಸ್ಯೆಯ ಸಂಜೆ ಗೇಟಿನ ಸದ್ದಾಯಿತು. ಬಿಳಿ ಪಂಚೆ ಉಟ್ಟ ಎತ್ತರದ ಮನುಷ್ಯರೊಬ್ಬರು, ಅವರ ಹಿಂದೆ ಬಟ್ಟೆ ಮುಚ್ಚಿದ ಬುಟ್ಟಿ ಹೊತ್ತ ಹೆಂಗಸು. ಇಬ್ಬರೂ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿಯೇ ಬಿಟ್ಟರು.

"ಎಡೆ ಇಕ್ಬೇಕಾಗಿತ್ತು ಕಣಮ್ಮ" ಎಂದರು ಅವರು.

"ಯಾರಿಗೆ?"

"ನಮ್ಮ ಗೌರಿಗೆ. ನಮ್ಮನೆಯೋಳು. ಇಲ್ಲೇ ಅವ್ಳೆ."

ಅವರು ತೋರಿಸಿದ್ದು ನನ್ನ ಗ್ಯಾಸ್ ಒಲೆಯ ಕಟ್ಟೆಯನ್ನು. ನನಗೆ ಸಿಟ್ಟು ಬಂದದ್ದು ಹೆಣದ ಸುದ್ದಿಗಲ್ಲ, ನನ್ನ ಒಪ್ಪಿಗೆಗೂ ಕಾಯದೆ ಮೆಟ್ಟಿಲು ಹತ್ತಿದ್ದಕ್ಕೆ. ಇದು ನನ್ನ ಮನೆ, ಪತ್ರ ನನ್ನ ಹೆಸರಿನಲ್ಲಿದೆ, ಎಂದು ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದೆ. ಅವರು ಎಲ್ಲಕ್ಕೂ ಹೂಂಗುಟ್ಟಿದರು. ಮನೆ ನಿಮ್ಮದೇ, ಇಲ್ಲ ಅಂದೋರ್ಯಾರು ಎಂದರು. ಆದರೆ ಮೆಟ್ಟಿಲು ಇಳಿಯಲಿಲ್ಲ.

ಅವರ ಹೆಸರು ಚಿಕ್ಕಬೈರಪ್ಪ. ಜೊತೆಗಿದ್ದವರು ತಂಗಿ ಸೊಣ್ಣಮ್ಮ. ಈ ಜಾಗವೆಲ್ಲ ಅವರ ರಾಗಿ ಹೊಲವಾಗಿತ್ತು. ಅವರಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಹೂಳುವುದು ವಾಡಿಕೆ. ಗೌರಮ್ಮ ತೀರಿಕೊಂಡಾಗ ಹೊಂಗೆ ಮರಕ್ಕೆ ನೇರವಾಗಿ ಹೂತು, ಮೇಲೆ ಮಣ್ಣಿನ ಗುಡ್ಡೆ ಮಾಡಿ, ವರ್ಷಕ್ಕೊಮ್ಮೆ ಎಡೆ ಇಡುತ್ತ ಬಂದಿದ್ದರು. ಆಮೇಲೆ ಹೊಲ ಲೇಔಟಿಗೆ ಹೋಯಿತು. ಬುಲ್ಡೋಜರು ಬರುವ ಮುಂಚೆ ಮೂಳೆಗಳನ್ನು ತೆಗೆದು ಬೇರೆ ಕಡೆ ಹೂಳಿಕೊಳ್ಳಿ ಎಂದು ನೆಂಟರೆಲ್ಲ ಹೇಳಿದರಂತೆ.

"ಮಲಗಿರೋಳನ್ನ ಯಾಕೆ ಎಬ್ಬಿಸೋದು ಅಂತ ಬಿಟ್ಟೆ" ಎಂದರು.

ಸೊಣ್ಣಮ್ಮ ಬುಟ್ಟಿ ಕೆಳಗಿಟ್ಟು, "ಬಾಡು ತಂದಿಲ್ಲ ಕಣಮ್ಮ, ನಿಮ್ಮನೆ ಅಂತ. ಬರೀ ಅನ್ನ, ಕಾಳು ಸಾರು, ಕಜ್ಜಾಯ" ಎಂದರು. ಅಷ್ಟು ಯೋಚನೆ ಮಾಡಿ ಬಂದವರನ್ನು ಹೊರಗೆ ಕಳಿಸಲು ನನಗೆ ಬಾಯಿ ಬರಲಿಲ್ಲ. ಮುಖ ಗಂಟಿಕ್ಕಿಕೊಂಡೇ ಒಳಗೆ ಬಿಟ್ಟೆ.

ಒಲೆಕಟ್ಟೆಯ ಮುಂದೆ ಎಲೆ ಹಾಕಿ ಬಡಿಸಿದರು. ಪಕ್ಕದಲ್ಲಿ ಹೊಸ ಸೀರೆ, ಹಸಿರು ಗಾಜಿನ ಬಳೆ, ಒಂದು ದೀಪ. ಆಮೇಲೆ ಎಲ್ಲರೂ ಹೊರಗೆ ಬಂದು ಅಡುಗೆಮನೆಯ ಬಾಗಿಲು ಹಾಕಿದೆವು. ಹಿರಿಯರು ಊಟ ಮಾಡುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಮನೆಯ ಯಜಮಾನ ಬಾಗಿಲ ಮುಂದೆ ನಿಂತು ಕೆಮ್ಮಿ, ನಾವು ಬರುತ್ತಿದ್ದೇವೆ ಎಂದು ತಿಳಿಸಿಯೇ ತೆಗೆಯಬೇಕು. ತಿಂಡಿಯ ಅಂಚು ಮುರಿದಿದ್ದರೆ, ಅನ್ನ ಚೂರು ಕದಲಿದ್ದರೆ, ಬಂದಿದ್ದರು ಎಂದು ಮನೆಯವರಿಗೆ ಸಂತೋಷ. ಎಡೆಯ ಸೀರೆಯನ್ನು ಮನೆಯ ಹೆಂಗಸೊಬ್ಬಳು ಉಡುತ್ತಾಳೆ. ಇಷ್ಟನ್ನೂ ಸೊಣ್ಣಮ್ಮ ಹೊಸ್ತಿಲ ಬಳಿ ಕುಳಿತು ನನಗೆ ಪಿಸುದನಿಯಲ್ಲಿ ಹೇಳಿದರು. ಚಿಕ್ಕಬೈರಪ್ಪನವರು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಹೆಂಡತಿಗೆ ಆ ವರ್ಷದ ಸಮಾಚಾರ ವರದಿ ಮಾಡುತ್ತಿದ್ದರು. ದೊಡ್ಡ ಮಗನಿಗೆ ಇನ್ನೊಂದು ಹೆಣ್ಣು ಮಗುವಾಯಿತು, ಕೆಂದ ಹಸುವನ್ನು ಉತ್ತರಹಳ್ಳಿಯವರಿಗೆ ಮಾರಿದೆ, ಮಂಡಿ ನೋವು.

ನನ್ನ ಯಜಮಾನರು ರಾಮಪ್ರಸಾದ್ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಳ್ಳೆಯವರು. ಮಕ್ಕಳಿರಲಿಲ್ಲ. ಅವರ ತಿಥಿ ಮೈದುನನ ಮನೆಯಲ್ಲಿ ನಡೆಯುತ್ತದೆ, ನನಗೆ ಒಂದು ಎಲೆ ಊಟ ಹಾಕುತ್ತಾರೆ. ಅವರಿಗೆ ನನ್ನ ಮಂಡಿ ನೋವನ್ನು ಹೇಳಬಹುದು ಎಂದು ನನಗೆ ಯಾರೂ ತಿಳಿಸಿರಲಿಲ್ಲ. ಆ ಸಂಜೆ ನನಗೆ ಗೌರಮ್ಮನ ಮೇಲೆ ಹೊಟ್ಟೆಕಿಚ್ಚಾಯಿತು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ನಾಚಿಕೆಗೇಡು ಎಂದು ಗೊತ್ತಿದ್ದೂ ಆಯಿತು.

ಚಿಕ್ಕಬೈರಪ್ಪನವರು ಆಮೇಲೆ ಹಬ್ಬವಿಲ್ಲದ ದಿನಗಳಲ್ಲೂ ಬರತೊಡಗಿದರು. ಕೈಯಲ್ಲಿ ನುಗ್ಗೆಕಾಯಿಯೋ ಹಸಿ ಕಡಲೆಕಾಯಿಯೋ ಇರುತ್ತಿತ್ತು. ಜಗುಲಿಯ ಕಲ್ಲಿನ ಮೇಲೆ ಕುಳಿತು ಕಾಫಿ ಕುಡಿದು ಹೋಗುತ್ತಿದ್ದರು. ಹೊಲ ಹೋದ ದುಡ್ಡಿನಲ್ಲಿ ಊರೊಳಗೆ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಹಾಲು ಕರೆಯುವ ಹೊತ್ತಿಗೆ ಈಗಲೂ ಎಚ್ಚರವಾಗುತ್ತದೆ ಎಂದರು ಒಮ್ಮೆ.

"ಹಸುವಿಲ್ಲವಲ್ಲ, ಎದ್ದು ಏನು ಮಾಡುತ್ತೀರಿ?" ಎಂದೆ.

"ಮೋಟ್ರು ಹಾಕ್ತೀನಿ. ಬಾಡಿಗೆಯೋರಿಗೆ ನೀರಾದ್ರೂ ಬರ್ಲಿ."

ನನ್ನ ಅಂಕಣವನ್ನು ಮೊಮ್ಮಗಳಿಂದ ಓದಿಸಿಕೊಂಡು ಬಂದು ಕೀಟಲೆ ಮಾಡುತ್ತಿದ್ದರು. "ಟೀಚರಮ್ಮ, ನೀವು ಬರ್ದಿರೋದು ನಮ್ಮೂರಾ? ಬಾಳ ಚೆನ್ನಾಗೈತೆ. ಒಂದ್ಸಲ ಅಲ್ಲಿಗೆ ಹೋಗ್ಬರ್ಬೇಕು ಅನ್ಸ್ತದೆ." ನಾನು ಸಿಟ್ಟಾದಂತೆ ನಟಿಸುತ್ತಿದ್ದೆ. ಅವರು ಹೋದ ಮೇಲೆ ಅವರಾಡಿದ ಮಾತುಗಳನ್ನೇ ಮುಂದಿನ ವಾರಕ್ಕೆ ಬರೆದು ಕಳಿಸುತ್ತಿದ್ದೆ.

ಪ್ರಾಯದವರ ಪ್ರೀತಿಯನ್ನು ನಾನು ಕಥೆಗಳಲ್ಲಿ ಬೇಕಾದಷ್ಟು ಬರೆದಿದ್ದೇನೆ. ಅದರಲ್ಲಿ ಎದೆ ಢವಗುಟ್ಟುತ್ತದೆ, ಊಟ ಸೇರುವುದಿಲ್ಲ. ಅರವತ್ತರ ಹತ್ತಿರ ಬಂದವರಿಗೆ ಎದೆ ಢವಗುಟ್ಟಿದರೆ ಮೊದಲು ಬಿ.ಪಿ. ಮಾತ್ರೆ ನೆನಪಾಗುತ್ತದೆ. ಊಟ ನನಗೆ ಚೆನ್ನಾಗಿಯೇ ಸೇರುತ್ತಿತ್ತು. ಆದರೂ ಗೇಟಿನ ಸದ್ದಿಗೆ ಪೆನ್ನು ಕೆಳಗಿಡುತ್ತಿದ್ದೆ. ಅವರು ಬಾರದ ದಿನ ಸೊಪ್ಪಿನವಳ ಮೇಲೆ ರೇಗುತ್ತಿದ್ದೆ. ಸುತ್ತಿ ಬಳಸಿ ಹೇಳುವ ವಯಸ್ಸಲ್ಲ ನನ್ನದು: ನನಗೆ ಅವರು ಬೇಕಾಗಿದ್ದರು. ಜಗುಲಿಯ ಮೇಲಲ್ಲ, ಮನೆಯೊಳಗೆ, ಊಟದ ಎಲೆಯ ಎದುರಿಗೆ, ಉಳಿದ ದಿನಗಳಿಗೆ. ಅವರಿಗೂ ಹಾಗೆಯೇ ಇದೆಯೋ ಇಲ್ಲವೋ ತಿಳಿಯದೆ ಒದ್ದಾಡುತ್ತಿದ್ದೆ.

ತಿಳಿದದ್ದು ಎಂಬತ್ನಾಲ್ಕರ ಅಮಾವಾಸ್ಯೆಯ ಸಂಜೆ.

ಅಂದು ಎಲೆ ಬಡಿಸುವ ಹೊತ್ತಿಗೆ ಮೋಡ ಕವಿದಿತ್ತು. ನಾನು ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋಗಿ, ತೋಳಿನ ತುಂಬ ಬಟ್ಟೆ ಹೇರಿಕೊಂಡು ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ಬಂದೆ. ಗಾಳಿಗೆ ದೀಪ ಆರೀತೆಂದು ಬಾಗಿಲು ದೂಡಿ ಅಗುಳಿ ಹಾಕಿದೆ. ಆಗ ನೋಡಿದರೆ ಹಜಾರದ ಕಡೆಯ ಬಾಗಿಲನ್ನು ಅವರು ಆಗಲೇ ಹಾಕಿಬಿಟ್ಟಿದ್ದರು. ನಾನು ಗೇಟಿನ ಹತ್ತಿರ ಇದ್ದೇನೆ ಎಂದುಕೊಂಡಿರಬೇಕು. ಎಡೆಯ ಮುಂದೆ ನಾನೊಬ್ಬಳೇ ಉಳಿದೆ.

ಹಿತ್ತಿಲ ಬಾಗಿಲಿನಿಂದಲೇ ಹೊರಗೆ ಹೋಗಬಹುದಿತ್ತು. ಆದರೆ ಅದರ ಅಗುಳಿ ಹಾಕುವಾಗ ಸುಮ್ಮನಿದ್ದು, ತೆಗೆಯುವಾಗ ಇಡೀ ಬೀದಿಗೆ ಕೇಳುವಂತೆ ಕಿರುಗುಟ್ಟುತ್ತದೆ. ಆ ಸದ್ದನ್ನು ಅವರು ಏನೆಂದುಕೊಂಡಾರು ಎಂದು ಅನುಮಾನಿಸುತ್ತ ನಿಂತಿದ್ದಾಗ ಬಾಗಿಲಾಚೆಯಿಂದ ಚಿಕ್ಕಬೈರಪ್ಪನವರ ದನಿ ಬಂತು. ಸೊಣ್ಣಮ್ಮ ಎಲೆ ಅಡಿಕೆ ಹಾಕಿಕೊಳ್ಳಲು ಜಗುಲಿಗೆ ಹೋಗಿದ್ದಿರಬೇಕು. ಅವರೊಬ್ಬರೇ ಮಾತಾಡುತ್ತಿದ್ದರು.

"ಗೌರೀ, ಒಂದ್ಮಾತು ಕೇಳ್ಬೇಕು ಕಣೇ. ಬೈಬ್ಯಾಡ. ಈ ಟೀಚರಮ್ಮ ಅವ್ರಲ್ಲ, ಒಬ್ರೇ ಅವ್ರೆ. ನಾನೂ ಒಬ್ನೇ. ಮನೆ ತುಂಬ ಜನ ಅವ್ರೆ, ಆದ್ರೂ ಒಬ್ನೇ. ಊರೋರು ಏನಾರ ಅಂದ್ಕಳ್ಳಿ, ಮಕ್ಳು ಉಗೀಲಿ, ಅದು ನಾನು ನೋಡ್ಕತೀನಿ. ನೀನು ಒಪ್ಪಿದ್ರೆ ಅವರನ್ನ ಕೇಳ್ತೀನಿ. ಒಪ್ಪಿದ್ರೆ ಕಜ್ಜಾಯ ಮುರ್ಕೊಂಡು ತಿನ್ನು. ಇಲ್ಲಾಂದ್ರೆ ಮುಟ್ಬ್ಯಾಡ. ನಾನು ಬಾಯಿ ಬಿಡಾಕಿಲ್ಲ."

ನನ್ನ ತೋಳಿನ ಬಟ್ಟೆ ಇನ್ನೂ ತೇವವಾಗಿತ್ತು. ಕಜ್ಜಾಯ ಎಲೆಯ ತುದಿಯಲ್ಲಿತ್ತು. ಪಕ್ಕದಲ್ಲಿದ್ದ ಸೀರೆಯನ್ನು ನಾನು ಆಗಲೇ ಸರಿಯಾಗಿ ನೋಡಿದ್ದು. ಪ್ರತಿ ವರ್ಷ ಕೆಂಪೋ ಹಸಿರೋ ದೊಡ್ಡ ಅಂಚಿನದು ಇರುತ್ತಿತ್ತು. ಈ ಸಲದ್ದು ಬೂದು ಬಣ್ಣದ ನೂಲಿನ ಸೀರೆ, ಸಣ್ಣ ಅಂಚು. ನಾನು ಉಡುವಂಥದ್ದು.

ಚೂರು ಮುರಿದರೆ ಸಾಕಿತ್ತು. ಕೈ ಚಾಚಿದೆ ಕೂಡ. ಬೆರಳಿಗೆ ಎಣ್ಣೆಯ ಜಿಡ್ಡು ತಗಲುವಷ್ಟು ಹತ್ತಿರ ಹೋಗಿ ಹಿಂದೆ ತೆಗೆದುಕೊಂಡೆ. ಇದರಲ್ಲಿ ದೊಡ್ಡ ನೀತಿಯೇನೂ ಇರಲಿಲ್ಲ. ಬಡಿಸಿದ್ದು ಇನ್ನೊಬ್ಬಳಿಗೆ. ಆ ಗಂಡಸು ನನ್ನ ಹತ್ತಿರ ಬರುವುದಾದರೆ ನಾನು ಕದ್ದು ಮುರಿದ ಕಜ್ಜಾಯದ ಚೂರಿನಿಂದ ಬರಬಾರದು ಎಂದು ಹಟ ಬಂತು. ಗೌರಮ್ಮ ಬರಲಿ, ಅವಳೇ ಮುರಿಯಲಿ ಎಂದುಕೊಂಡೆ. ಜೀವಮಾನದಲ್ಲಿ ಮೊದಲ ಸಲ ದೆವ್ವಕ್ಕಾಗಿ ಕಾದೆ. ದೀಪ ನೆಟ್ಟಗೆ ಉರಿಯುತ್ತಿತ್ತು. ಯಾರೂ ಬರಲಿಲ್ಲ.

ಹೊರಗೆ ಕೆಮ್ಮಿದ ಸದ್ದು. ಬಾಗಿಲು ತೆರೆಯಿತು. ಚಿಕ್ಕಬೈರಪ್ಪನವರು ಮೊದಲು ನೋಡಿದ್ದು ಎಲೆಯನ್ನು. ಇಡಿಯಾಗಿದ್ದ ಕಜ್ಜಾಯ ನೋಡಿ ಅವರ ಭುಜ ಕುಸಿಯಿತು. ಆಮೇಲೆ ಮೂಲೆಯಲ್ಲಿ ಬಟ್ಟೆ ಅಪ್ಪಿಕೊಂಡು ನಿಂತಿದ್ದ ನನ್ನನ್ನು ಕಂಡರು.

"ಒಳಗೇ ಇದ್ರಾ?"

"ಹೂಂ. ಬಟ್ಟೆ ತರಲು ಹೋಗಿದ್ದೆ."

"ಎಲ್ಲಾ ಕೇಳಿಸ್ತಾ?"

"ಕೇಳಿಸಿತು."

ನಾಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ನಾಚಿಕೊಳ್ಳಲಿಲ್ಲ. ಒಂದು ಹೆಜ್ಜೆ ಒಳಗಿಟ್ಟು, ನನ್ನ ಮುಖವನ್ನೇ ನೋಡುತ್ತ ಕೇಳಿದರು. "ಅವಳು ಬಂದಿದ್ಲಾ?"

ಅಷ್ಟು ವರ್ಷ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತವರಿಗೆ ಒಳಗೆ ಇದ್ದು ಬಂದವರು ಸಿಕ್ಕಿದ್ದು ಅದೇ ಮೊದಲು. ಆ ಕಣ್ಣುಗಳನ್ನು ನಾನು ಮರೆಯಲಾರೆ. ಯಾರೂ ಬರಲಿಲ್ಲ ಎಂದರೆ ಅದು ನಿಜ. ಬಾರದವಳು ಬೇಡವೆಂದಳು ಎನ್ನುವಂತಿಲ್ಲ, ಅವರು ನನ್ನನ್ನು ಕೇಳಬಹುದು, ನಾನು ಒಪ್ಪಬಹುದು. ಆದರೆ ಬರಲಿಲ್ಲ ಎಂದರೆ ಅವಳು ಯಾವ ವರ್ಷವೂ ಬಂದಿರಲಿಲ್ಲ ಎಂದೇ ಅರ್ಥ. ಹೊಲ ಹೋಗಿತ್ತು, ಹಸು ಹೋಗಿತ್ತು, ಸಮಾಧಿಯ ಮೇಲೆ ನನ್ನ ಒಲೆ ಉರಿಯುತ್ತಿತ್ತು. ಇನ್ನು ಅವಳನ್ನೂ ನಾನೇ ಕಿತ್ತುಕೊಳ್ಳಬೇಕಿತ್ತೇ?

"ಬಂದಿದ್ದರು" ಎಂದೆ.

ಅವರ ಮುಖ ಅರಳಿತು. ಅಂಥ ಸಂತೋಷವನ್ನು ನನ್ನಿಂದ ಯಾರೂ ಪಡೆದಿರಲಿಲ್ಲ. ಮುಂದಿನ ಕ್ಷಣದಲ್ಲಿ ಎಲೆಯ ಕಡೆ ತಿರುಗಿದರು.

"ತಿನ್ನಲಿಲ್ಲ."

"ಇಲ್ಲ."

"ಸರಿ ಬಿಡಿ" ಎಂದರು. ಸೀರೆಯನ್ನು ತಾವೇ ಮಡಿಸಿ ಪಂಚೆಯ ಮಡಿಲಿಗೆ ಹಾಕಿಕೊಂಡರು. ಸೊಣ್ಣಮ್ಮ ಬಂದು ಎಲೆ ತೆಗೆದರು.

ಆಮೇಲೂ ಅವರು ಬರುತ್ತಿದ್ದರು. ಆದರೆ ವರ್ಷದ ಎಡೆಯ ದಿನದ ಹೊರತು ಜಗುಲಿಗೆ ಬರುವುದು ಬಿಟ್ಟರು. ಹೊಂಗೆ ಮರದ ಕೆಳಗೆ ನಿಂತು, ಟೀಚರಮ್ಮ ಚೆನ್ನಾಗಿದ್ದೀರಾ ಎಂದು ಕೂಗಿ ಕೇಳಿ ಹೋಗುತ್ತಿದ್ದರು. ನಾನು ಚೆನ್ನಾಗಿದ್ದೇನೆ ಎಂದು ಕೂಗಿ ಹೇಳುತ್ತಿದ್ದೆ. ಎರಡು ಲೋಟ ಕಾಫಿಗೆ ಡಿಕಾಕ್ಷನ್ ಹಾಕುವ ಅಭ್ಯಾಸ ಮಾತ್ರ ಹೋಗಲಿಲ್ಲ.

ಇನ್ನೊಂದು ಸಂಗತಿ ನಡೆಯಿತು. ಗೌರಮ್ಮ ಬಂದಿದ್ದರು ಎಂದು ನಾನು ಹೇಳಿದೆನಲ್ಲ, ಆ ದಿನದಿಂದ ಅವರು ಹೋಗಲೇ ಇಲ್ಲ.

ಮೊದಲು ಬಳೆಯ ಸದ್ದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಲೆಕಟ್ಟೆಯ ಕಡೆಯಿಂದ ಗಾಜಿನ ಬಳೆ ಸರಿದಂತೆ ಸಣ್ಣಗೆ ಕೇಳಿಸುತ್ತಿತ್ತು. ನಾನು ಬಳೆ ತೊಡುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಇಲಿ ಎಂದುಕೊಂಡು ಬೋನು ತಂದಿಟ್ಟೆ. ಬೋನಿನಲ್ಲಿ ಏನೂ ಬೀಳಲಿಲ್ಲ. ಆಮೇಲೆ ಪಾತ್ರೆಯ ಮುಚ್ಚಳಗಳು. ತೆರೆದಿಟ್ಟು ಹೋದ ಹಾಲಿನ ಪಾತ್ರೆ ಬಂದು ನೋಡಿದರೆ ಮುಚ್ಚಿರುತ್ತಿತ್ತು. ಮುದುಕಿಗೆ ಮರೆವು ಎಂದು ನನ್ನನ್ನೇ ಬೈದುಕೊಂಡೆ. ನಾನು ಅಡುಗೆಮನೆಗೆ ಹೋದಾಗ ಯಾರೋ ಒಲೆಯ ಮುಂದಿನಿಂದ ಸರಿದು ಜಾಗ ಬಿಟ್ಟಂತೆ ಅನ್ನಿಸತೊಡಗಿದಾಗ ಮಾತ್ರ ಬೈದುಕೊಳ್ಳಲು ಏನೂ ಉಳಿಯಲಿಲ್ಲ.

ಭಯವಾಗುತ್ತಿತ್ತು. ಆಗಲಿಲ್ಲ ಎಂದರೆ ಸುಳ್ಳು. ಬೆನ್ನು ತಿರುಗಿಸಿ ಸಾರು ಕುದಿಸುವಾಗ ಕುತ್ತಿಗೆಯ ಹಿಂದೆ ಚಳಿ ಕೂರುತ್ತಿತ್ತು. ಆಕೆ ನನ್ನ ಮೇಲೆ ಸಿಟ್ಟಾಗಿದ್ದಾಳೆ, ಆಡದ ಮಾತನ್ನು ಆಕೆಯ ಬಾಯಿಗೆ ತುರುಕಿದ್ದಕ್ಕೆ ಲೆಕ್ಕ ಕೇಳಲು ಬಂದಿದ್ದಾಳೆ ಎಂದುಕೊಂಡೆ. ಬರೆಯಲು ಕುಳಿತರೆ ನನ್ನ ಹಳ್ಳಿಯ ಹೆಂಗಸರೆಲ್ಲ ಹಸಿರು ಬಳೆ ತೊಟ್ಟಿರುತ್ತಿದ್ದರು. ಹೊಡೆದು ಹಾಕಿ ಬೇರೆ ಬರೆದರೂ ಮತ್ತೆ ಆ ಬಳೆಗಳೇ ಬರುತ್ತಿದ್ದವು. ಅಂಕಣ ನಿಲ್ಲಿಸಿದೆ. ಕಣ್ಣು ಸರಿಯಿಲ್ಲ ಎಂದು ಸಂಪಾದಕರಿಗೆ ಹೇಳಿದೆ.

ಒಂದು ಸಂಜೆ, ತಡೆಯಲಾರದೆ, "ಸ್ವಲ್ಪ ಆ ಕಡೆ ಸರಿಯಿರಿ, ಉಪ್ಪು ತೆಗೆಯಬೇಕು" ಎಂದುಬಿಟ್ಟೆ. ಬಳೆ ಸರಿದ ಸದ್ದಾಯಿತು. ಅಲ್ಲಿಂದ ಮುಂದೆ ಭಯ ಕಡಿಮೆಯಾಯಿತು. ಮಾತಾಡತೊಡಗಿದೆ. ಮಂಡಿ ನೋವನ್ನು ಹೇಳಿದೆ, ಹೂವಿನ ಬೆಲೆ ಹೇಳಿದೆ. ನಿಮ್ಮ ಯಜಮಾನರು ಇವತ್ತು ಮರದ ಹತ್ತಿರ ನಿಂತಿದ್ದರು, ಸೊರಗಿದ್ದಾರೆ ಎಂದೆ. ಅವರ ಬಗ್ಗೆ ಮಾತಾಡಲು ನನಗೆ ಬೇರೆ ಯಾರಿದ್ದರು? ಒಬ್ಬನೇ ಗಂಡಸಿಗಾಗಿ ಇಬ್ಬರು ಹೆಂಗಸರು ಒಂದು ಒಲೆಯ ಮುಂದೆ ಕಾದೆವು. ಒಬ್ಬಳಿಗೆ ಜೀವವಿತ್ತು ಎಂಬುದಷ್ಟೇ ವ್ಯತ್ಯಾಸ.

ಎಂಬತ್ತೆಂಟರ ಬೇಸಿಗೆಯಲ್ಲಿ ಚಿಕ್ಕಬೈರಪ್ಪನವರು ತೀರಿಕೊಂಡರು. ಹೂಳಲು ಸ್ವಂತ ಹೊಲವಿರಲಿಲ್ಲವಾಗಿ ಉತ್ತರಹಳ್ಳಿ ಕಡೆಯ ಸ್ಮಶಾನಕ್ಕೆ ಒಯ್ದರು. ನಾನು ಗೇಟಿನಲ್ಲಿ ನಿಂತು ತಮಟೆಯ ಸದ್ದು ದೂರವಾಗುವುದನ್ನು ಕೇಳಿದೆ. ಅಳಲು ನನಗೆ ಯಾವ ನೆಂಟಸ್ತಿಕೆಯೂ ಇರಲಿಲ್ಲ, ಆದ್ದರಿಂದ ಒಳಗೆ ಹೋಗಿ ಅತ್ತೆ. ಅಡುಗೆಮನೆಯಲ್ಲಿ ಅಂದು ಬಳೆಯ ಸದ್ದು ಬೆಳಗಿನವರೆಗೂ ನಿಲ್ಲಲಿಲ್ಲ.

ಆ ವರ್ಷದ ಅಮಾವಾಸ್ಯೆಗೆ ಸೊಣ್ಣಮ್ಮ ಒಬ್ಬರೇ ಬಂದರು. ಹುಡುಗರು ಅಪ್ಪನಿಗೆ ಮನೆಯಲ್ಲೇ ಎಡೆ ಇಡುತ್ತಾರಂತೆ. ಕಂಡವರ ಅಡುಗೆಮನೆಗೆ ಇನ್ನು ಹೋಗುವುದಿಲ್ಲ ಎಂದರಂತೆ. ಸೊಣ್ಣಮ್ಮನ ಬುಟ್ಟಿಯಲ್ಲಿ ಕಜ್ಜಾಯದ ಕೆಳಗೆ ಬೂದು ಬಣ್ಣದ ಸೀರೆಯಿತ್ತು.

"ಟ್ರಂಕಲ್ಲಿ ಮಡಗಿದ್ದ. ಯಾರಿಗೂ ಉಡಾಕೆ ಕೊಡ್ಲಿಲ್ಲ. ಸಾಯೋಕೆ ಮುಂಚೆ, ಟೀಚರಮ್ಮಂಗೆ ಕೊಡು ಅಂದ."

ನಾನು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ.

"ನನ್ಗೆಲ್ಲಾ ಹೇಳ್ದ ಕಣಮ್ಮ" ಎಂದರು ಸೊಣ್ಣಮ್ಮ. "ಅತ್ತಿಗೆ ಒಪ್ಪಲಿಲ್ವಂತಲ್ಲ. ಅದ್ಕೆ ಅವನ್ಗೆ ಬೇಜಾರಿರ್ಲಿಲ್ಲ. ನೋಡು ಸೊಣ್ಣೀ, ಇಷ್ಟು ವರ್ಷ ಆದ್ರೂ ಗೌರಿ ನನ್ನ ಬಿಟ್ಕೊಡ್ಲಿಲ್ಲ, ಅಂತ ನಗ್ತಿದ್ದ. ಅದೇ ಮಾತು ಹೇಳ್ಕಂಡು ಕೊನೇ ದಿನ ಕಳ್ದ."

ನಾನು ಹೂಂ ಎಂದೆ. ನಾಲ್ಕು ವರ್ಷ ಅವರು ಆ ಮಾತಿನ ಮೇಲೆ ಬದುಕಿದ್ದರು. ನಾನು ಅದೇ ಮಾತಿನಿಂದ ಬಡವಾಗಿದ್ದೆ. ಈಗ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೇಳುವವರೇ ಇರಲಿಲ್ಲ.

ಒಲೆಕಟ್ಟೆಯ ಮುಂದೆ ಎರಡು ಎಲೆ ಹಾಕಿದೆ. ಒಂದು ಗೌರಮ್ಮನಿಗೆ, ಒಂದು ಅವರಿಗೆ. ಮಕ್ಕಳು ಮನೆಯಲ್ಲಿ ಇಟ್ಟಿರಲಿ, ಇಲ್ಲಿಯೂ ಇರಲಿ ಎಂದೆ. ಸೊಣ್ಣಮ್ಮ ಬೇಡವೆನ್ನಲಿಲ್ಲ. ಅವರ ಎಲೆಯ ಪಕ್ಕದಲ್ಲಿ ಒಂದು ಲೋಟ ಕಾಫಿಯನ್ನೂ ಇಟ್ಟೆ. ಇಷ್ಟು ವರ್ಷ ಟ್ರಂಕಿನಲ್ಲಿದ್ದ ಸೀರೆಯನ್ನು ಮತ್ತೆ ಎಡೆಗೆ ಇಡದೆ ಉಡಬಾರದು ಎಂದು ಸೊಣ್ಣಮ್ಮ ಅದನ್ನು ಎರಡು ಎಲೆಗಳ ನಡುವೆ ಇಟ್ಟರು. ಹಿತ್ತಿಲ ಬಾಗಿಲ ಅಗುಳಿ ನೋಡಿ, ಹಜಾರದ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ಚಿಕ್ಕಬೈರಪ್ಪನವರು ಕೂರುತ್ತಿದ್ದ ಜಾಗದಲ್ಲಿ ಕುಳಿತೆ. ಹೇಳಬೇಕಾದದ್ದು ಎಷ್ಟೋ ಇತ್ತು. ನಾನು ಸುಳ್ಳು ಹೇಳಿದೆ, ಅಂದು ನೀವು ಬಂದಿರಲಿಲ್ಲ ಎಂದು ಗೌರಮ್ಮನಿಗೆ ಹೇಳಬೇಕಿತ್ತು. ನೀವು ಕೇಳಿದ್ದರೆ ನಾನು ಒಪ್ಪುತ್ತಿದ್ದೆ ಎಂದು ಅವರಿಗೆ ಹೇಳಬೇಕಿತ್ತು. ಪಕ್ಕದಲ್ಲಿ ಸೊಣ್ಣಮ್ಮ ಇದ್ದರು, ಹೇಳುವಂತಿರಲಿಲ್ಲ.

ಒಳಗೆ ಬಳೆಯ ಸದ್ದು ಕೇಳಿಸಿತು. ಎಂದಿನಂತೆ ಸಣ್ಣಗಲ್ಲ, ಅವಸರದಲ್ಲಿ ಎದ್ದು ಹೊರಟವರ ಬಳೆಯ ಸದ್ದು. ನಾನು ಸೊಣ್ಣಮ್ಮನ ಮುಖ ನೋಡಿದೆ. ಅವರು ಅಡಿಕೆ ಕತ್ತರಿಸುತ್ತಿದ್ದರು.

ಕೆಮ್ಮಿ ಬಾಗಿಲು ತೆಗೆದೆ. ಎರಡು ಎಲೆಯ ಕಜ್ಜಾಯವೂ ಇಡಿಯಾಗಿತ್ತು. ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಯಾರೂ ಏನೂ ಮುಟ್ಟಿರಲಿಲ್ಲ.

ಮರುದಿನ ಸಂಜೆ ದೀಪ ಹಚ್ಚಿ ಕಾದೆ. ಸದ್ದಿಲ್ಲ. ಹಾಲಿನ ಪಾತ್ರೆಯನ್ನು ಬೇಕೆಂದೇ ತೆರೆದಿಟ್ಟು ಹೋಗಿ ಬಂದು ನೋಡಿದೆ, ತೆರೆದೇ ಇತ್ತು. ಒಲೆಯ ಮುಂದೆ ಹೋಗಿ ನಿಂತೆ, ಯಾರೂ ಸರಿಯಲಿಲ್ಲ. ಅವರು ಬಂದು ಹೆಂಡತಿಯನ್ನು ಕರೆದುಕೊಂಡು ಹೋಗಿದ್ದರು. ಊಟಕ್ಕೂ ನಿಂತಿರಲಿಲ್ಲ. ಹೋಗುವಾಗ ನನಗೆ ಒಂದು ಮಾತು ಹೇಳಿ ಹೋಗಬೇಕೆಂದು ಇಬ್ಬರಿಗೂ ತೋರಿರಲಿಲ್ಲ.

ನನಗಾಗ ಅರವತ್ತೈದು. ಆ ಮನೆಗೆ ಬಂದ ಮೇಲೆ ನಾನು ನಿಜವಾಗಿ ಒಬ್ಬಳೇ ಆದದ್ದು ಆ ಸಂಜೆ. ಬೂದು ಸೀರೆಯನ್ನು ಬಿಚ್ಚಿ ಉಟ್ಟುಕೊಂಡೆ, ಅಡುಗೆಮನೆಯ ನಡುವೆ ನಿಂತು ಸೆರಗು ಸರಿಮಾಡಿಕೊಂಡೆ. ಒಪ್ಪುತ್ತದೆಯೇ ಎಂದು ಕೇಳಲು ಒಲೆಕಟ್ಟೆಯ ಕಡೆ ತಿರುಗಿದೆ. ಆಮೇಲೆ ಒಲೆ ಹಚ್ಚಿ, ಒಂದು ಲೋಟಕ್ಕೆ ಅಳೆದು ಕಾಫಿ ಮಾಡಿಕೊಂಡೆ.